ರಜೆ ಪಟ್ಟಿಯಲ್ಲಿ ಕಾಣದ ಚಳಿಗಾಲ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಗಾಂಧಿ ಬಜಾರಿನ ಒಬ್ಬ ಗ್ರಂದಿಗೆ ಅಂಗಡಿಯವನ ನಮಸ್ಕಾರಗಳು.

ಸರ್ಕಾರ ಪ್ರತಿ ವರ್ಷ ಮುಂದಿನ ವರ್ಷದ ರಜೆ ಪಟ್ಟಿ ಹೊರಡಿಸುತ್ತದೆ. ಹೊರಟ ದಿನವೇ ಅದು ಎಲ್ಲರ ಮೊಬೈಲಿಗೂ ಬಂದು ಬೀಳುತ್ತದೆ. ಭಾನುವಾರ ಈ ಸಲ ಎಷ್ಟು ಹಬ್ಬ ನುಂಗಿತು ಅಂತ ಜನ ಲೆಕ್ಕ ಹಾಕುತ್ತಾರೆ. ನಾನೂ ಪಟ್ಟಿ ನೋಡುತ್ತೇನೆ, ಆದರೆ ಸಾಮಾನು ತರಿಸುವ ಲೆಕ್ಕಕ್ಕೆ. ಡಿಸೆಂಬರ್ ಒಂದರಿಂದ ಸಂಕ್ರಾಂತಿವರೆಗಿನ ಆರೇಳು ವಾರದಲ್ಲಿ ಅದರಲ್ಲಿ ಸಾಮಾನ್ಯವಾಗಿ ಇರುವುದು ಎರಡೇ ಸಾರ್ವತ್ರಿಕ ರಜೆ. ಒಂದು ಕ್ರಿಸ್‌ಮಸ್, ಇನ್ನೊಂದು ಸಂಕ್ರಾಂತಿ. ಕ್ರಿಸ್‌ಮಸ್‌ನ ಹಿಂದಿನ ದಿನ, ಹೊಸ ವರ್ಷದ ದಿನ ಇವೆಲ್ಲ ಪರಿಮಿತ ರಜೆಯ ಪಟ್ಟಿಗೆ ಹೋಗುತ್ತವೆ. ಪಟ್ಟಿ ಮುಂದಿಟ್ಟುಕೊಂಡು ಕೂತವರಿಗೆ ಈ ಕಾಲ ಖಾಲಿ ಅಂತಲೇ ಅನ್ನಿಸುತ್ತದೆ. ಸಭೆ, ಸಮಾರಂಭ, ಪರೀಕ್ಷೆ, ರಸ್ತೆ ಅಗೆಯುವುದು, ಕರೆಂಟ್ ತೆಗೆದು ರಿಪೇರಿ ಮಾಡುವುದು ಎಲ್ಲಕ್ಕೂ ಹೇಳಿ ಮಾಡಿಸಿದ ಕಾಲ. ಮಳೆಯೂ ಇಲ್ಲ ನೋಡಿ.

ಗೌರಿ ಗಣೇಶ ಮತ್ತು ದೀಪಾವಳಿ ಬಿಟ್ಟರೆ ನನ್ನ ಅಂಗಡಿಯಲ್ಲಿ ಕೈಗೆ ಬಿಡುವು ಸಿಗದ ದಿನಗಳು ಇವೇ. ಅಲ್ಲೇ ಇರುವುದು ನನ್ನ ತಕರಾರು.

ಮೊದಲೇ ಹೇಳಿಬಿಡುತ್ತೇನೆ, ಇನ್ನೂ ನಾಲ್ಕು ರಜೆ ಕೊಡಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಇರುವ ರಜೆಗಳೇ ಜಾಸ್ತಿ ಅನ್ನುವ ಗುಂಪಿನವನು ನಾನು. ರಜೆ ಪಟ್ಟಿ ಹಬ್ಬದ ದಿನವನ್ನಷ್ಟೇ ಗುರುತು ಹಾಕುತ್ತದೆ. ಚಳಿಗಾಲದ ಆಚರಣೆ ಮಾತ್ರ ಬಹುಪಾಲು ನಡೆಯುವುದು ಹಬ್ಬಕ್ಕೆ ಮುಂಚಿನ ವಾರಗಳಲ್ಲಿ, ಹಿಂದಿನ ರಾತ್ರಿಯಲ್ಲಿ, ಬೆಳಗಿನ ಜಾವದಲ್ಲಿ. ಇದು ವ್ರತದ ಕಾಲ. ಉಣ್ಣುವುದಕ್ಕಿಂತ ಬಿಡುವುದು ಹೆಚ್ಚು, ಮಲಗುವುದಕ್ಕಿಂತ ಏಳುವುದು ಹೆಚ್ಚು. ಈ ವಾರಗಳನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಜಿಲ್ಲೆಯ ಕೆಲಸಗಳನ್ನು ಯೋಜಿಸುವಾಗ ಅವನ್ನೂ ಕಣ್ಣಮುಂದೆ ಇಟ್ಟುಕೊಳ್ಳಿ ಅಂತ ಕೇಳುವುದಷ್ಟೇ ನನ್ನ ಉದ್ದೇಶ.

ನನ್ನ ಗಲ್ಲಾಪೆಟ್ಟಿಗೆ ಹಿಂದೆ ಕೂತರೆ ಏನು ಕಾಣುತ್ತದೆ ಅಂತ ಹೇಳುತ್ತೇನೆ.

ನವೆಂಬರ್ ಮಧ್ಯದಲ್ಲಿ ವೃಶ್ಚಿಕ ಮಾಸ ಶುರುವಾಗುತ್ತಿದ್ದ ಹಾಗೆ ಅಯ್ಯಪ್ಪ ಮಾಲೆಗೆ ಬರುತ್ತಾರೆ. ತುಳಸಿ ಮಣಿ, ಕಪ್ಪು ಪಂಚೆ, ವಿಭೂತಿ, ಆಮೇಲೆ ಇರುಮುಡಿ ಬಟ್ಟೆ, ತುಪ್ಪ ತುಂಬಲು ಕಾಯಿ. ಆಟೋ ಓಡಿಸುವವರು, ಗಾರೆ ಕೆಲಸದವರು, ಬ್ಯಾಂಕಿನವರು, ಕಾಲೇಜು ಹುಡುಗರು, ಎಲ್ಲರೂ ಒಂದೇ ಬಣ್ಣ. ನಲವತ್ತೊಂದು ದಿನ ತಣ್ಣೀರ ಸ್ನಾನ, ಎರಡು ಹೊತ್ತು ಪೂಜೆ, ಬರಿಗಾಲು, ಚಾಪೆ ಮೇಲೆ ನಿದ್ದೆ. ಶಬರಿಮಲೆಯ ಮಂಡಲ ಪೂಜೆ ಬರುವುದು ಡಿಸೆಂಬರ್ 26 ಅಥವಾ 27ಕ್ಕೆ. ಆಮೇಲೆ ಮಕರ ಜ್ಯೋತಿಗೆ ಹೋಗುವವರ ಸರದಿ, ಅದು ಜನವರಿ 14ರ ಸುಮಾರಿಗೆ. ಹೋಗುವ ದಾರಿಯಲ್ಲಿ ಎರುಮೇಲಿಯಲ್ಲಿ ವಾವರ ಮಸೀದಿಗೆ ನಮಸ್ಕರಿಸಿ ಮುಂದೆ ಹೋಗುವುದು ವಾಡಿಕೆ. ನಮ್ಮ ಬಜಾರಿನ ಗುರುಸ್ವಾಮಿಗಳು ಇದನ್ನು ಮೊದಲ ಸಲ ಮಾಲೆ ಹಾಕಿದ ಕನ್ನಿಸ್ವಾಮಿಗಳಿಗೆ ಮರೆಯದೆ ಹೇಳಿಕೊಡುತ್ತಾರೆ.

ಕಪ್ಪು ಬಟ್ಟೆಯ ಜೊತೆಜೊತೆಗೇ ಕೆಂಪು ಬಟ್ಟೆ ಶುರು. ಓಂ ಶಕ್ತಿ ಮಾಲೆ ಹಾಕುವ ಹೆಣ್ಣುಮಕ್ಕಳು. ಇವರಲ್ಲಿ ಬಹಳ ಜನ ಮನೆ ಕೆಲಸದವರು, ಗಾರ್ಮೆಂಟ್ಸ್‌ಗೆ ಹೋಗುವವರು, ಬೀದಿ ಬದಿ ಹೂ ಕಟ್ಟಿ ಮಾರುವವರು. ತಮಿಳುನಾಡಿನ ಮೇಲ್ಮರುವತ್ತೂರಿನ ಅಮ್ಮನ ಗುಡಿಗೆ ಬಸ್ಸು ಮಾಡಿಸಿಕೊಂಡು ಹೊರಡುತ್ತಾರೆ. ಇವರಿಗೆ ವ್ರತಕ್ಕೆ ಅಂತ ಯಾರೂ ಕೆಲಸ ಕಮ್ಮಿ ಮಾಡುವುದಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪೂಜೆ ಮುಗಿಸಿ ಎಂಟರ ಶಿಫ್ಟಿಗೆ ಹೋಗುತ್ತಾರೆ. ಸಂಕ್ರಾಂತಿ ಹತ್ತಿರ ಬರುವಾಗ ಬಿಳಿ ಬಟ್ಟೆ. ಸೇವಾಲಾಲ್ ಜಯಂತಿಗೆ ಮಾಲೆ ಹಾಕುವ ಬಂಜಾರ ಸಮುದಾಯದವರು. ಜಯಂತಿ ಫೆಬ್ರವರಿ ಮಧ್ಯಕ್ಕೆ ಬಂದರೂ ವ್ರತ ಮೊದಲೇ ಹಿಡಿಯಬೇಕಲ್ಲ. ಅವರು ನಡೆದು ಹೋಗುವ ಸೇವಾಲಾಲರ ಹುಟ್ಟೂರು ಸೂರಗೊಂಡನಕೊಪ್ಪ ಈಗ ದಾವಣಗೆರೆ ಜಿಲ್ಲೆಯಲ್ಲಿದೆ, ಆದರೆ ನಡೆಯುವುದು ನಮ್ಮ ರಸ್ತೆಗಳಲ್ಲಿ. ಇನ್ನು ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿ, ಪಕ್ಕದ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ. ಅದರ ಬಗ್ಗೆ ನಾನು ಹೇಳುವುದು ಕಮ್ಮಿ. ಆ ದಿನಗಳಲ್ಲಿ ಬಂದೋಬಸ್ತು ಅಂತ ಪೊಲೀಸರು ಎಲ್ಲ ಕಡೆಯಿಂದ ಅಲ್ಲಿಗೆ ಹೋಗಿರುತ್ತಾರೆ ಅನ್ನುವುದು ತಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ಭದ್ರಾವತಿ ಕಡೆ ಬನ್ನಿ. 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಗೆ ಕೈ ಹಾಕಿದ ಮೇಲೆ ಆ ಊರಿಗೆ ಕೆಲಸಕ್ಕೆ ಅಂತ ಬಂದವರು ಒಂದು ಕಡೆಯವರಲ್ಲ. ತಮಿಳರು, ತೆಲುಗರು, ಮಲಯಾಳಿಗಳು ಎಲ್ಲ ಬಂದರು. ಅದಕ್ಕೇ ನಮ್ಮ ಒಂದು ಜಿಲ್ಲೆಯೊಳಗೇ ಎರಡು ಕಥೋಲಿಕ ಧರ್ಮಪ್ರಾಂತ್ಯಗಳಿವೆ. 1988ರಲ್ಲಿ ಆದ ಶಿವಮೊಗ್ಗ ಧರ್ಮಪ್ರಾಂತ್ಯ ಲ್ಯಾಟಿನ್ ಸಂಪ್ರದಾಯದ್ದು. 2007ರಲ್ಲಿ ಆದ ಭದ್ರಾವತಿಯದ್ದು ಕೇರಳ ಮೂಲದ ಸಿರೋ ಮಲಬಾರ್ ಸಂಪ್ರದಾಯದ್ದು. ಹೊರಗಿನವರಿಗೆ ಎರಡೂ ಚರ್ಚೇ. ಒಳಗೆ ಪದ್ಧತಿ ಬೇರೆ ಬೇರೆ. ಲ್ಯಾಟಿನ್‌ನವರು ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಂದ ಸಿದ್ಧತೆ ಶುರು ಮಾಡುತ್ತಾರೆ. ಸಿರೋ ಮಲಬಾರ್ ಮನೆಗಳಲ್ಲಿ ಡಿಸೆಂಬರ್ ಒಂದರಿಂದ ಇಪ್ಪತ್ತೈದು ದಿನದ ನೋಂಬು. ಮಾಂಸ, ಮೀನು ಬಿಡುವವರು ಬಹಳ. ನನ್ನ ಹಳೇ ಗಿರಾಕಿ ಒಬ್ಬರು, ಶುಂಠಿ ಬೆಳೆಯುವವರು, ಡಿಸೆಂಬರ್‌ನಲ್ಲಿ ಅಂಗಡಿಗೆ ಬಂದರೆ ಪಕ್ಕದಲ್ಲಿ ನಿಂತ ಅಯ್ಯಪ್ಪ ಸ್ವಾಮಿಗಳ ಹತ್ತಿರ, "ನಿಮ್ಮದು ನಲವತ್ತೊಂದು, ನಮ್ಮದು ಇಪ್ಪತ್ತೈದು, ಬಾಯಿ ಕಟ್ಟಿದ್ದು ಇಬ್ಬರದೂ ಒಂದೇ" ಅಂತ ನಗುತ್ತಾರೆ.

ಕರಾವಳಿ ಕಡೆಯಿಂದ ಬಂದ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಇದೇ ಹೊತ್ತಿಗೆ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿ ಮಾಡುವುದು ಶುರು. ನೆವ್ರ್ಯೊ, ಕಿಡಿಯೊ, ಗುಳಿಯೊ, ಚಕ್ಕುಲಿ. ಒಬ್ಬರ ಕೈಲಿ ಆಗುವ ಕೆಲಸವಲ್ಲ. ಅಕ್ಕತಂಗಿಯರು, ಅತ್ತಿಗೆ ನಾದಿನಿಯರು ಸೇರಿ ರಾತ್ರಿ ಹನ್ನೊಂದು ಹನ್ನೆರಡರವರೆಗೂ ಕರಿಯುತ್ತಾರೆ. ನೆವ್ರ್ಯೊ ಹೂರಣಕ್ಕೆ ಎಳ್ಳು, ಕೊಬ್ಬರಿ, ಏಲಕ್ಕಿ ಬೇಕು. ನಾನು ಸಂಕ್ರಾಂತಿಗೆ ಅಂತ ತರಿಸಿಟ್ಟ ಬಿಳಿ ಎಳ್ಳಿನ ಚೀಲ ಮೊದಲು ಬಿಚ್ಚುವುದೇ ಇವರಿಗೋಸ್ಕರ. ಅದರ ನಂತರ ಕರಿ ಎಳ್ಳು, ಎಳ್ಳಮಾವಾಸ್ಯೆಯ ತರ್ಪಣಕ್ಕೆ. ಆಮೇಲೆ ಮತ್ತೆ ಬಿಳಿ ಎಳ್ಳು, ಎಳ್ಳುಬೆಲ್ಲಕ್ಕೆ. ಸಾಗರ ಶಿರಸಿ ಕಡೆಯವರು ಸಂಕ್ರಾಂತಿ ಕಾಳು ಮಾಡಲು ಆರಿಸಿದ ಎಳ್ಳನ್ನೇ ಕೇಳುತ್ತಾರೆ. ಸಣ್ಣ ಉರಿಯಲ್ಲಿ ಸಕ್ಕರೆ ಪಾಕ ಹನಿಸುತ್ತಾ, ಕೈಯಲ್ಲೇ ಆಡಿಸುತ್ತಾ ಮುಳ್ಳು ಬರಿಸುವ ಕೆಲಸ ಅದು. ದಿನಗಟ್ಟಲೆ ಹಿಡಿಯುತ್ತದೆ. ಈಗಿನ ಮಕ್ಕಳಿಗೆ ಪ್ಯಾಕೆಟ್ಟೇ ಗತಿ, ಇರಲಿ.

ಡಿಸೆಂಬರ್ 16ರ ಆಸುಪಾಸಿಗೆ ಧನುರ್ಮಾಸ. ಒಂದು ತಿಂಗಳು ಮದುವೆ ಮುಂಜಿ ಇಲ್ಲ. ಛತ್ರದವರು, ಅಡುಗೆಯವರು, ವಾಲಗದವರು ಕೈಕಟ್ಟಿ ಕೂರುವ ತಿಂಗಳು. ದೇವಸ್ಥಾನದಲ್ಲಿ ಮಾತ್ರ ನಕ್ಷತ್ರ ಇರುವಾಗಲೇ ಪೂಜೆ ಮುಗಿದು ಹುಗ್ಗಿ ನೈವೇದ್ಯ ಆಗಿರಬೇಕು. ಅಂದರೆ ಅರ್ಚಕರ ಮನೆ ಒಲೆ ಮೂರು ಗಂಟೆಗೆ ಹೊತ್ತಬೇಕು. ಇದರ ನಡುವೆ ವೈಕುಂಠ ಏಕಾದಶಿ. ಇನ್ನು ಹೊಸನಗರ ತಾಲ್ಲೂಕಿನ ಹೊಂಬುಜಕ್ಕೆ ಹೋಗುವ ಜೈನ ಬಂಧುಗಳು ಈ ಕಾಲದಲ್ಲಿ ಅಷ್ಟದ್ರವ್ಯದ ಸಾಮಾನು ಕಟ್ಟಿಸಿಕೊಳ್ಳುತ್ತಾರೆ. ಪಾರ್ಶ್ವನಾಥ ತೀರ್ಥಂಕರರ ಜನ್ಮಕಲ್ಯಾಣ ಎಳ್ಳಮಾವಾಸ್ಯೆಗೆ ನಾಲ್ಕೈದು ದಿನ ಮೊದಲು ಬರುತ್ತದೆ. ಹೊಂಬುಜದ ಪದ್ಮಾವತಿ ಅಮ್ಮ ಪಾರ್ಶ್ವನಾಥರ ಯಕ್ಷಿಯೇ ಅಲ್ವಾ.

ರಸ್ತೆ ಬದಿಯಲ್ಲಿ ಸ್ವೆಟರ್ ಮಾರುವ ಟಿಬೆಟಿಯನ್ನರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 1966ರಿಂದ ಮುಂಡಗೋಡಿನಲ್ಲಿ ಅವರ ದೊಡ್ಡ ನೆಲೆ ಇದೆ, ಗಂಡೆನ್ ಮಠವೂ ಅಲ್ಲೇ ಇದೆ. ಆ ಮಠವನ್ನು ಟಿಬೆಟಿನಲ್ಲಿ ಮೊದಲು ಕಟ್ಟಿದ ಗುರು ತ್ಸೊಂಗ್‌ಖಾಪಾ ತೀರಿಕೊಂಡ ದಿನ ಡಿಸೆಂಬರ್ ಸುಮಾರಿಗೆ ಬರುತ್ತದೆ. ಆ ರಾತ್ರಿ ಮಠದ ತುಂಬಾ ಬೆಣ್ಣೆ ದೀಪ. ವ್ಯಾಪಾರಕ್ಕೆ ಹೊರಗೆ ಬಂದವರು ಎಲ್ಲಿದ್ದಾರೋ ಅಲ್ಲೇ ಹಚ್ಚುತ್ತಾರೆ.

ಇಷ್ಟೆಲ್ಲ ಒಂದೇ ವಾರಕ್ಕೆ ಬಂದು ಕೂತರೆ ಹೇಗಿರುತ್ತದೆ? 2024ರ ಡಿಸೆಂಬರ್ ಕೊನೆ ವಾರ ಹಾಗೇ ಇತ್ತು. 24ರ ರಾತ್ರಿ ಚರ್ಚುಗಳಲ್ಲಿ ಕ್ರಿಸ್‌ಮಸ್ ಬಲಿಪೂಜೆ. 26ಕ್ಕೆ ಶಬರಿಮಲೆಯಲ್ಲಿ ಮಂಡಲ ಪೂಜೆ. ಅದೇ ಹೊತ್ತಿಗೆ ಜನ್ಮಕಲ್ಯಾಣ. 30ಕ್ಕೆ ಎಳ್ಳಮಾವಾಸ್ಯೆ, ತೀರ್ಥಹಳ್ಳಿ ಜಾತ್ರೆ. ಮಾರನೇ ರಾತ್ರಿ ಹೊಸ ವರ್ಷದ ಗಲಾಟೆ. ರಜೆ ಪಟ್ಟಿಯಲ್ಲಿ ಆ ಇಡೀ ವಾರಕ್ಕೆ ಇದ್ದದ್ದು ಒಂದೇ ಒಂದು ಕ್ರಿಸ್‌ಮಸ್.

ತೀರ್ಥಹಳ್ಳಿ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಾಯಿಯನ್ನು ಕೊಂದ ಕೊಡಲಿಯನ್ನು ಪರಶುರಾಮ ಎಲ್ಲೆಲ್ಲೋ ತೊಳೆದ, ಎಳ್ಳಿನಷ್ಟು ರಕ್ತ ಮಾತ್ರ ಉಳಿದೇ ಇತ್ತು, ಅದು ಹೋದದ್ದು ತುಂಗೆಯ ಈ ಮಡುವಿನಲ್ಲಿ ಅನ್ನುವುದು ಅಲ್ಲಿಯ ಸ್ಥಳಪುರಾಣ. ಅದಕ್ಕೇ ಎಳ್ಳಮಾವಾಸ್ಯೆಯ ಬೆಳಗಿನ ಜಾವ ರಾಮಕುಂಡದಲ್ಲಿ ಮುಳುಗಲು ಜನ ಬರುತ್ತಾರೆ. ರಾಮೇಶ್ವರ ದೇವರ ರಥೋತ್ಸವ, ಆಮೇಲೆ ಹೊಳೆಯಲ್ಲಿ ತೆಪ್ಪೋತ್ಸವ. ಜಾತ್ರೆ ಮೂರು ದಿನ, ಆದರೆ ಅಂಗಡಿ ಸಾಲು ಅದಕ್ಕೂ ಆಚೆಗೆ ನಿಲ್ಲುತ್ತದೆ. ಅದೇ ಅಮಾವಾಸ್ಯೆಗೆ ಅದೇ ತಾಲ್ಲೂಕಿನ ಇನ್ನೊಂದು ಮೂಲೆಯಲ್ಲಿ ಹಣಗೆರೆಕಟ್ಟೆ ತುಂಬಿರುತ್ತದೆ. ಒಂದೇ ಸೂರಿನ ಕೆಳಗೆ ಸೈಯದ್ ಸಾದತ್ ದರ್ಗಾ ಮತ್ತು ಭೂತರಾಯ, ಚೌಡೇಶ್ವರಿ ಇರುವ ಜಾಗ ಅದು. ಅಮಾವಾಸ್ಯೆ ಹುಣ್ಣಿಮೆಗೆ ಅಲ್ಲಿ ಯಾವಾಗಲೂ ಜನ ಜಾಸ್ತಿ. ಒಂದೇ ದಿನ ಎರಡು ಕಡೆ ಸಾವಿರಾರು ಜನ ಸೇರಿದಾಗ ತಾಲ್ಲೂಕಿನ ಬಸ್ಸು, ಆಂಬುಲೆನ್ಸ್, ಪೊಲೀಸರು ಹಂಚಿಹೋಗುತ್ತಾರೆ. ಮಂಡಗದ್ದೆ ದಾರಿಯಲ್ಲಿ ಆ ಹೊತ್ತಿಗೆ ಮಂಜು ಹೇಗಿರುತ್ತದೆ ಅಂತ ಅಲ್ಲಿ ಗಾಡಿ ಓಡಿಸಿದವರಿಗೇ ಗೊತ್ತು. ಇದಕ್ಕೆ ರಜೆ ಕೊಟ್ಟರೆ ಪರಿಹಾರ ಆಗುವುದಿಲ್ಲ. ಮೊದಲೇ ಗೊತ್ತಿದ್ದರೆ ಆಗುತ್ತದೆ.

ಯಾರಿಗೂ ಕೆಟ್ಟ ಮನಸ್ಸಿಲ್ಲ ಅಂತ ನನಗೆ ಗೊತ್ತು. ನಮ್ಮ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗಿ ಕ್ರೈಸ್ತರವಳು. ಅವಳ ತಮ್ಮನ ಶಾಲೆಯಲ್ಲಿ ಒಂದು ವರ್ಷ ವಾರ್ಷಿಕೋತ್ಸವ ಇಟ್ಟದ್ದು ಡಿಸೆಂಬರ್ 24ರ ಸಂಜೆ. ಹುಡುಗ ನಾಟಕದಲ್ಲೂ ಇದ್ದ, ಚರ್ಚಿನ ಗಾಯನದಲ್ಲೂ ಇದ್ದ. ಅವರಮ್ಮ ಹೋಗಿ ಕೇಳಿದ್ದಕ್ಕೆ, "ಮಾರನೇ ದಿನ ಹೇಗೂ ರಜೆ ಇದೆಯಲ್ಲಮ್ಮ, ಮಕ್ಕಳಿಗೆ ಸುಸ್ತು ಆರಿಸಿಕೊಳ್ಳೋಕೆ ಆಗುತ್ತೆ ಅಂತ ಅವತ್ತೇ ಇಟ್ವಿ" ಅಂದರಂತೆ. ನಿಜವಾಗಿಯೂ ಒಳ್ಳೆಯದಕ್ಕೇ ಇಟ್ಟಿದ್ದರು! ಪಟ್ಟಿಯಲ್ಲಿ 25 ಕೆಂಪಗಿತ್ತು, 24 ಕಪ್ಪಗಿತ್ತು, ಅಷ್ಟು ನೋಡಿ ಇಟ್ಟರು. ಹುಡುಗ ನಾಟಕ ಬಿಟ್ಟ. ಅವನ ಪಾತ್ರವನ್ನು ಇನ್ಯಾರೋ ಎರಡು ದಿನದಲ್ಲಿ ಕಲಿತು ಮಾಡಿದರು.

ನೌಕರರಿಗೆ ಪರಿಮಿತ ರಜೆ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ವರ್ಷಕ್ಕೆ ಎರಡು ಮಾತ್ರ, ಅದೂ ಸರ್ಕಾರಿ ನೌಕರರಿಗೆ. ಓಂ ಶಕ್ತಿ ಮಾಲೆ ಹಾಕಿದ ಮನೆ ಕೆಲಸದಾಕೆಗೆ, ಅಡಿಕೆ ಸುಲಿಯಲು ಹೋಗುವವರಿಗೆ, ಕಾಫಿ ಕೊಯ್ಯುವವರಿಗೆ ಯಾವ ಪರಿಮಿತ ರಜೆ? ಅಡಿಕೆ ಕೊಯ್ಲು, ಕಾಫಿ ಕೊಯ್ಲು, ಭತ್ತದ ಒಕ್ಕಲು ಎಲ್ಲವೂ ಈ ವಾರಗಳಲ್ಲೇ ಬರುತ್ತವೆ ಅನ್ನುವುದನ್ನು ಮಲೆನಾಡಿನ ಜಿಲ್ಲಾಡಳಿತಕ್ಕೆ ನಾನು ಹೇಳಬೇಕಾಗಿಲ್ಲ.

ಈ ದಿನಗಳು ಪ್ರತಿ ವರ್ಷ ಓಡಾಡುತ್ತವೆ, ಹಿಡಿಯುವುದು ಹೇಗೆ ಅಂತ ತಮ್ಮ ಕಚೇರಿಯವರು ಕೇಳಬಹುದು. ಓಡಾಡುತ್ತವೆ ನಿಜ. ಹೇಳದೆ ಕೇಳದೆ ಓಡಾಡುವುದಿಲ್ಲ. ಕ್ರಿಸ್‌ಮಸ್ ಕದಲುವುದಿಲ್ಲ. ಧನುರ್ಮಾಸ, ಸಂಕ್ರಾಂತಿ ಸೂರ್ಯನ ಲೆಕ್ಕ, ಹೆಚ್ಚೆಂದರೆ ಒಂದು ದಿನ ಆಚೀಚೆ. ಎಳ್ಳಮಾವಾಸ್ಯೆ, ವೈಕುಂಠ ಏಕಾದಶಿ ತಿಥಿಯ ಲೆಕ್ಕ, ಹಾಗಾಗಿ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ತಮಾಷೆ ಆಗುತ್ತದೆ. 2024ರಲ್ಲಿ ಎಳ್ಳಮಾವಾಸ್ಯೆ ಎರಡು ಸಲ ಬಂತು, ಜನವರಿ 11ಕ್ಕೆ ಒಂದು, ಡಿಸೆಂಬರ್ 30ಕ್ಕೆ ಒಂದು. ವೈಕುಂಠ ಏಕಾದಶಿ ಆ ವರ್ಷ ಬರಲೇ ಇಲ್ಲ. 2025ರಲ್ಲಿ ಅದೂ ಎರಡು ಸಲ ಬಂತು, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ. ಕ್ಯಾಲೆಂಡರ್ ವರ್ಷ ಹಿಡಿದು ಪಟ್ಟಿ ಮಾಡುವವರು ಇಲ್ಲಿ ಎಡವುತ್ತಾರೆ. ಪಂಚಾಂಗ ಇಟ್ಟುಕೊಂಡವರು ಎಡವುವುದಿಲ್ಲ.

ಇದು ನಮ್ಮೂರೊಂದರ ಕಥೆಯೂ ಅಲ್ಲ. ಯಹೂದಿಗಳ ಹನುಕ್ಕಾ ಎಂಟು ದಿನದ ದೀಪದ ಹಬ್ಬ. ಅದೂ ಚಂದ್ರನ ಲೆಕ್ಕದ್ದೇ, ಅವರಲ್ಲೂ ನಮ್ಮ ಅಧಿಕಮಾಸದ ಹಾಗೆ ಹತ್ತೊಂಬತ್ತು ವರ್ಷಕ್ಕೆ ಏಳು ಸಲ ಒಂದು ತಿಂಗಳು ಸೇರಿಸುತ್ತಾರೆ. 2024ರಲ್ಲಿ ಅವರ ಮೊದಲ ದೀಪ ಹಚ್ಚಿದ್ದು ಡಿಸೆಂಬರ್ 25ರ ಸಂಜೆಯೇ. ಇರಾನಿನವರು ವರ್ಷದ ಅತಿ ದೊಡ್ಡ ರಾತ್ರಿಯಲ್ಲಿ ದಾಳಿಂಬೆ ಬಿಡಿಸಿಕೊಂಡು ಎದ್ದೇ ಕೂತಿರುತ್ತಾರೆ, ಅದು ಯಲ್ದಾ. ರಷ್ಯಾದಲ್ಲಿ ಕ್ರಿಸ್‌ಮಸ್ ಜನವರಿ 7ಕ್ಕೆ. ಅವರ ಚರ್ಚು ಹಳೇ ಜೂಲಿಯನ್ ಕ್ಯಾಲೆಂಡರ್ ಬಿಟ್ಟಿಲ್ಲ, ಅದು ಈಗ ಹದಿಮೂರು ದಿನ ಹಿಂದಿದೆ.

ಮುಂದೆ ಬರುವುದನ್ನು ಮಾತ್ರ ತಾವು ದಯವಿಟ್ಟು ಗುರುತು ಹಾಕಿಕೊಳ್ಳಬೇಕು. ರಂಜಾನ್. ಮುಸ್ಲಿಮರ ವರ್ಷ 354 ಅಥವಾ 355 ದಿನದ್ದು, ಅಧಿಕಮಾಸ ಇಲ್ಲ. ಹಾಗಾಗಿ ರಂಜಾನ್ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಮುಂಚೆ ಬರುತ್ತದೆ, ಮೂವತ್ತಮೂರು ವರ್ಷಕ್ಕೊಮ್ಮೆ ಪೂರ್ತಿ ಸುತ್ತು ಹಾಕುತ್ತದೆ. ಕಳೆದ ಸಲ ಅದು ನಡುಚಳಿಗೆ ಬಂದಿದ್ದು 1990ರ ದಶಕದ ಕೊನೆಗೆ. 2000ದಲ್ಲಿ ಈದ್ ಬಂದದ್ದು ಕ್ರಿಸ್‌ಮಸ್ ಆದ ಎರಡು ಮೂರು ದಿನಕ್ಕೆ. ಆಗ ಅಂಗಡಿಯಲ್ಲಿ ಶೀರ್ ಕುರ್ಮಾಕ್ಕೆ ಖರ್ಜೂರ, ಚಾರೊಳಿ ಕೇಳುವವರೂ ಕೇಕಿಗೆ ಒಣದ್ರಾಕ್ಷಿ ಕೇಳುವವರೂ ಒಟ್ಟಿಗೇ ನಿಂತಿರುತ್ತಿದ್ದರು. ಈಗ ಅದು ಮತ್ತೆ ಚಳಿಗಾಲಕ್ಕೆ ಬರುತ್ತಿದೆ. 2028ರಲ್ಲಿ ಜನವರಿ ಕೊನೆಗೆ ಶುರು. 2030ರಲ್ಲಿ ಎರಡು ಸಲ ಶುರುವಾಗುತ್ತದೆ, ಜನವರಿ ಮೊದಲ ವಾರದಲ್ಲಿ ಒಮ್ಮೆ, ಡಿಸೆಂಬರ್ 26ರ ಸುಮಾರಿಗೆ ಇನ್ನೊಮ್ಮೆ. 2031ರದ್ದು ಇನ್ನೂ ವಿಶೇಷ. ಆ ವರ್ಷ ರಂಜಾನ್ ತಿಂಗಳು ಶುರುವಾಗುವುದು ಡಿಸೆಂಬರ್ 15ರ ಸುಮಾರಿಗೆ, ಧನುರ್ಮಾಸ ಶುರುವಾಗುವುದೂ ಹೆಚ್ಚುಕಮ್ಮಿ ಅವತ್ತೇ. ಎರಡೂ ಒಟ್ಟಿಗೆ ನಡೆದು, ಚಂದ್ರ ಕಂಡರೆ 2032ರ ಜನವರಿ 14ರ ಹೊತ್ತಿಗೆ ಈದ್, ಅದರ ಬೆನ್ನಿಗೇ ಸಂಕ್ರಾಂತಿ. ಆ ತಿಂಗಳು ಪೂರ್ತಿ ಈ ಜಿಲ್ಲೆಯ ಅರ್ಧ ಅಡುಗೆಮನೆಗಳ ದೀಪ ಬೆಳಿಗ್ಗೆ ನಾಲ್ಕಕ್ಕೆ ಹೊತ್ತಿಕೊಂಡಿರುತ್ತದೆ. ಸಹರಿಗೆ ಎದ್ದವರು ಒಂದು ಕಡೆ, ಹುಗ್ಗಿಗೆ ಎದ್ದವರು ಒಂದು ಕಡೆ, ನಡುವೆ ಇಪ್ಪತ್ತೈದರ ನೋಂಬಿನವರು.

ಅದಕ್ಕೆ ಇನ್ನೂ ವರ್ಷಗಳಿವೆ ನಿಜ. ಆದರೆ ಜಾವದ ತೊಂದರೆ ಈಗಲೂ ಇದೆ. ನಮ್ಮಲ್ಲಿ ಅತಿ ಚಿಕ್ಕ ಹಗಲು ಡಿಸೆಂಬರ್ 21, 22ಕ್ಕೆ, ಸುಮಾರು ಹನ್ನೊಂದೂಕಾಲು ಗಂಟೆ. ಉತ್ತರಾಯಣ ನಿಜವಾಗಿ ಅವತ್ತೇ ಶುರು, ನಾವು ಸಂಕ್ರಾಂತಿಗೆ ಆಚರಿಸುವುದು ಭೂಮಿಯ ಅಕ್ಷದ ನಿಧಾನ ತಿರುಗಾಟದಿಂದಾಗಿ ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದೊಂದು ದಿನ ದೂರ ಸರಿದಿದೆ. ಅದು ಜೋಯಿಸರ ವಿಷಯ, ಬಿಡಿ. ಜನರಿಗೆ ಮುಖ್ಯವಾದದ್ದು ಇನ್ನೊಂದು. ಹಗಲು ಹೆಚ್ಚಲು ಶುರುವಾದರೂ ನಮ್ಮ ಕಡೆ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿಯಲ್ಲೇ. ಸಂಕ್ರಾಂತಿ ದಾಟಿದರೂ ಬೆಳಗಿನ ಕತ್ತಲೆ ಕಮ್ಮಿ ಆಗುವುದಿಲ್ಲ. ಬೀದಿ ದೀಪ ಆರಿಸುವ ಹೊತ್ತು ವರ್ಷವಿಡೀ ಒಂದೇ ಆದರೆ, ಬರಿಗಾಲಲ್ಲಿ ದೇವಸ್ಥಾನಕ್ಕೆ ಹೋಗುವವರು, ಚರ್ಚಿಗೆ ಹೋಗುವವರು, ಫಜ್ರ್ ನಮಾಜಿಗೆ ಹೋಗುವ ವಯಸ್ಸಾದವರು ಗುಂಡಿ ಹುಡುಕಿಕೊಂಡು ನಡೆಯಬೇಕಾಗುತ್ತದೆ. ಡಿಸೆಂಬರ್ ಜನವರಿಯಲ್ಲಿ ದೀಪ ಇನ್ನೊಂದರ್ಧ ಗಂಟೆ ಉರಿಯಲಿ. ಇದಕ್ಕೆ ಎಷ್ಟು ಖರ್ಚಾಗುತ್ತದೆ ಹೇಳಿ? ನಲ್ಲಿ ನೀರು ಬಿಡುವ ಸರದಿಯನ್ನೂ ಈ ಎರಡು ತಿಂಗಳು ಸಾಧ್ಯವಾದ ಬಡಾವಣೆಗಳಲ್ಲಿ ಜಾವಕ್ಕೆ ಹೊಂದಿಸಲು ಆಗುತ್ತದಾ ನೋಡಿ. ರಿಪೇರಿಗೆ ಕರೆಂಟ್ ತೆಗೆಯುವ ದಿನವನ್ನು ನಿಗದಿ ಮಾಡುವವರ ಮೇಜಿನ ಮೇಲೂ ಈ ದಿನಗಳ ಒಂದು ಹಾಳೆ ಇರಲಿ. ಕುಸ್ವಾರ್ ಕರಿಯುವ ರಾತ್ರಿ, ಇರುಮುಡಿ ಕಟ್ಟುವ ರಾತ್ರಿ ಕರೆಂಟ್ ಹೋದರೆ ಆಗುವ ಫಜೀತಿ ಕಚೇರಿಗೆ ಕೇಳಿಸುವುದಿಲ್ಲ. ನನ್ನ ಅಂಗಡಿಗೆ ಮೇಣದ ಬತ್ತಿ ಕೇಳಿಕೊಂಡು ಬಂದವರ ಬಾಯಲ್ಲಿ ಕೇಳಿಸುತ್ತದೆ.

ಶಾಲೆಗಳ ವಿಷಯದಲ್ಲಿ ಆದೇಶ ಬೇಡ. ಮುಖ್ಯ ಶಿಕ್ಷಕರ ಕೈಯಲ್ಲಿ ಸ್ಥಳೀಯ ರಜೆ ಅಂತ ಸ್ವಲ್ಪ ಇರುತ್ತದೆ, ಅವರೇ ನೋಡಿಕೊಳ್ಳುತ್ತಾರೆ. ಅವರಿಗೆ ದಿನಗಳು ಮೊದಲೇ ಗೊತ್ತಿರಬೇಕು, ಅಷ್ಟೇ. ವಾರ್ಷಿಕೋತ್ಸವ, ಪ್ರವಾಸ, ಪೂರ್ವಸಿದ್ಧತಾ ಪರೀಕ್ಷೆ ಇಡುವ ಮೊದಲು ಆ ಹಾಳೆ ಒಂದು ಸಲ ನೋಡಿದರೆ ಸಾಕು.

ಧ್ವನಿವರ್ಧಕದ ಮಾತು ತೆಗೆಯದೆ ಈ ಪತ್ರ ಮುಗಿಸಬಹುದಿತ್ತು. ತೆಗೆಯದಿದ್ದರೆ ಮಾತ್ರ ಪೂರ್ತಿ ಹೇಳಿದ ಹಾಗೆ ಆಗುವುದಿಲ್ಲ. ಶಬ್ದ ಮಾಲಿನ್ಯದ ನಿಯಮ ಬಂದದ್ದು 2000ದಲ್ಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಮೈಕ್ ಹಾಕುವಂತಿಲ್ಲ. ಸರ್ಕಾರ ಬೇಕಾದರೆ ವರ್ಷದಲ್ಲಿ ಹದಿನೈದು ದಿನ ಮೀರದಂತೆ ಹಬ್ಬಗಳಿಗೆ ರಾತ್ರಿ ಹನ್ನೆರಡರವರೆಗೆ ಸಡಿಲ ಕೊಡಬಹುದು. ನಿಯಮ ಸರಳವಾಗಿದೆ. ಪ್ರತಿಯೊಬ್ಬರೂ ಪಕ್ಕದವರ ಮೈಕಿಗೆ ಮಾತ್ರ ಆ ನಿಯಮ ನೆನಪಿಸುತ್ತಾರೆ ಅನ್ನುವುದೇ ಕಷ್ಟ. ನಮ್ಮ ಓಣಿಯ ಭಜನಾ ಮಂಡಳಿಗೂ ಸೇರಿಸಿಯೇ ಇದನ್ನು ಹೇಳುತ್ತಿದ್ದೇನೆ. ನಾಳೆ ಅವರು ಅಂಗಡಿಗೆ ಬಂದು ಬೈದರೆ ಬೈಸಿಕೊಳ್ಳುತ್ತೇನೆ. ಜಾವದ ವ್ರತ ಮಾಡುವವರಿಗೆ ಯಾವತ್ತೂ ಮೈಕ್ ಬೇಕಾಗಿರಲಿಲ್ಲ. ಅಲಾರಂ ಇಲ್ಲದ ಕಾಲದಲ್ಲೂ ಅವರು ಏಳುತ್ತಿದ್ದರು. ಸಡಿಲ ಕೊಡುವ ಹದಿನೈದು ದಿನಗಳಲ್ಲಿ ಡಿಸೆಂಬರ್ 24ರ ರಾತ್ರಿಗೂ ತೀರ್ಥಹಳ್ಳಿಯ ತೆಪ್ಪೋತ್ಸವಕ್ಕೂ ಜಾಗ ಇರಲಿ, ಉಳಿದ ದಿನ ಎಲ್ಲರಿಗೂ ಒಂದೇ ಕಟ್ಟು ಇರಲಿ.

ಗಣೇಶ ಹಬ್ಬ, ಈದ್ ಮಿಲಾದ್ ಬಂದರೆ ಶಿವಮೊಗ್ಗದಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಕರೆಯಬೇಕಾದ ಕಾರಣ ಊರಿಗೆಲ್ಲ ಗೊತ್ತು. ಆ ಸಭೆಗಳಿಗೆ ನಾನೂ ವರ್ತಕರ ಪರವಾಗಿ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೇನೆ. ಎಲ್ಲರೂ ಒಳ್ಳೆ ಮಾತಾಡುತ್ತಾರೆ. ಕೂತವರ ಮುಖದಲ್ಲಿ ಮಾತ್ರ ಏನಾಗುತ್ತದೋ ಅನ್ನುವ ಭಯ. ಯಾರಿಗೂ ನಿಮ್ಮ ಹಬ್ಬಕ್ಕೆ ಏನು ಬೇಕು ಅಂತ ಕೇಳುವ ಹೊತ್ತು ಸಿಗುವುದಿಲ್ಲ, ನೀವು ಏನು ಮಾಡಬಾರದು ಅಂತ ಹೇಳಿ ಮುಗಿಸುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಚಳಿಗಾಲದಲ್ಲಿ ಆ ಭಯ ಅಷ್ಟಿಲ್ಲ. ಮೆರವಣಿಗೆ ಕಮ್ಮಿ, ವ್ರತ ಜಾಸ್ತಿ. ಅದಕ್ಕೇ ಈ ಕಾಲಕ್ಕೆ ಬೇರೆ ಥರದ ಸಭೆ ಕರೆಯಿರಿ ಅಂತ ಕೇಳುತ್ತಿದ್ದೇನೆ. ಅಕ್ಟೋಬರ್ ಕೊನೆಗೆ ಒಂದು ಸಲ, ಎರಡು ಗಂಟೆ ಸಾಕು. ದೊಡ್ಡವರು ಬೇಡ, ಭಾಷಣ ಬೇಡ, ಹಾರ ಶಾಲು ಬೇಡ. ಪಂಚಾಂಗ ನೋಡಲು ಬರುವ ಒಬ್ಬರು ಅರ್ಚಕರು, ಎರಡೂ ಧರ್ಮಪ್ರಾಂತ್ಯದಿಂದ ಒಬ್ಬೊಬ್ಬರು, ಜಾಮಿಯಾ ಮಸೀದಿಯಿಂದ ಒಬ್ಬರು, ಹೊಂಬುಜದ ಕಡೆಯವರು ಒಬ್ಬರು, ಒಬ್ಬ ಗುರುಸ್ವಾಮಿ, ಓಂ ಶಕ್ತಿ ಮಂಡಳಿಯ ಒಬ್ಬ ಹೆಣ್ಣುಮಗಳು, ಬಂಜಾರರ ತಾಂಡಾದಿಂದ ಒಬ್ಬರು. ಎದುರಿಗೆ ಬಸ್ಸು, ನೀರು, ಕರೆಂಟ್, ಶಾಲೆ, ಪೊಲೀಸ್ ಇಲಾಖೆಗಳಿಂದ ದಿನ ನಿಗದಿ ಮಾಡುವ ಗುಮಾಸ್ತರು. ಸಾಹೇಬರು ಬಂದರೆ ಸಂತೋಷ, ಆದರೆ ಗುಮಾಸ್ತರು ಬರಲೇಬೇಕು. ಹಾಳೆ ತುಂಬುವವರು ಅವರೇ.

ಓಂ ಶಕ್ತಿಯ ಹೆಣ್ಣುಮಗಳನ್ನು ಪಟ್ಟಿಯಿಂದ ಕೈಬಿಡಬೇಡಿ ಅಂತ ಇನ್ನೊಂದು ಸಲ ಕೇಳಿಕೊಳ್ಳುತ್ತೇನೆ. ಇಂಥ ಸಭೆಗೆ ಹೆಂಗಸರನ್ನು ಕರೆಯುವುದು ಎಲ್ಲರಿಗೂ ಕೊನೆಗೆ ನೆನಪಾಗುತ್ತದೆ. ನಡುರಾತ್ರಿ ಒಲೆ ಮುಂದೆ ಇರುವುದು ಮಾತ್ರ ಅವರೇ.

ಹಾಳೆ ಮಾಡುವ ಕೆಲಸ ಭಾರ ಅನ್ನಿಸಿದರೆ ನಾನು ಕೈಜೋಡಿಸುತ್ತೇನೆ. ಪಂಚಾಂಗ, ಮುಸ್ಲಿಮ್ ಕ್ಯಾಲೆಂಡರ್, ಚರ್ಚಿನ ಕ್ಯಾಲೆಂಡರ್, ಜೈನ ಪಂಚಾಂಗ ಎಲ್ಲವೂ ನನ್ನ ಹತ್ತಿರ ಇವೆ, ಸಾಮಾನು ತರಿಸಲು ಅವಿಲ್ಲದೆ ಆಗುವುದಿಲ್ಲ. ಸಭೆಯನ್ನು ಬೆಳಿಗ್ಗೆ ಹನ್ನೊಂದರೊಳಗೆ ಮುಗಿಯುವ ಹಾಗೆ ಇಟ್ಟರೆ ಉಪಕಾರ. ಮಂಗಳವಾರ, ಶುಕ್ರವಾರ ಬೇಡ. ಅವತ್ತು ಗಿರಾಕಿ ಜಾಸ್ತಿ, ಜೊತೆಗೆ ಶುಕ್ರವಾರ ಮಸೀದಿಯವರಿಗೂ ಬಿಡುವಿರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗ್ರಂದಿಗೆ ಅಂಗಡಿಯವನು
ಗಾಂಧಿ ಬಜಾರ್, ಶಿವಮೊಗ್ಗ